ನಂದಿ ಬುಡದಲ್ಲೇ ಮನೆ, ಆದ್ರೆ ಮೋಡಾನೂ ಕಾಣ್ಲಿಲ್ಲ, ಹಕ್ಕೀನೂ ಕಾಣ್ಲಿಲ್ಲ. ಯಾವಾಗ ಹೋಗ್ಬೇಕು?

ದ್ರಾಕ್ಷಿ ತೋಟದ ಸೊಸೆ (ಚಿಕ್ಕಬಳ್ಳಾಪುರ), ಭಾನುವಾರ ರಾತ್ರಿ 9.12

ಎಲ್ಲರಿಗೂ ನಮಸ್ಕಾರ. ಮದುವೆಯಾಗಿ ಹದಿಮೂರು ವರ್ಷ ಆಯ್ತು, ಅಡುಗೆಮನೆ ಕಿಟಕಿ ತೆಗೆದ್ರೆ ಎದುರಿಗೇ ನಂದಿಬೆಟ್ಟ. ಹತ್ತಿರೋದು ಮಾತ್ರ ನಾಲ್ಕೇ ಸಲ. ಆ ನಾಲ್ಕೂ ಸಲ ಊರಿಂದ ನೆಂಟರು ಬಂದಿದ್ರು ಅಂತ.

ಈಗ ಮಗನಿಗೆ (ಏಳನೇ ಕ್ಲಾಸು) "ನಮ್ಮೂರ ಬೆಟ್ಟದ ಹತ್ತು ಹಕ್ಕಿಗಳು" ಅಂತ ಪ್ರಾಜೆಕ್ಟ್ ಕೊಟ್ಟಿದಾರೆ. ಇಂಟರ್ನೆಟ್ಟಿಂದ ಚಿತ್ರ ಇಳಿಸಿ ಅಂಟಿಸಿದ್ರೆ ಒಪ್ಪಲ್ವಂತೆ, ಕಣ್ಣಾರೆ ನೋಡಿದ್ದನ್ನೇ ಬರೀಬೇಕಂತೆ. ಸರಿ ಅಂತ ಇವತ್ತು ನಾಲ್ಕೂವರೆಗೆ ಎದ್ದು ಚಿತ್ರಾನ್ನ ಕಟ್ಕೊಂಡು ಹೊರಟ್ವಿ. ಅತ್ತೇನೂ "ನಾನೂ ಬತ್ತೀನಿ, ಯೋಗನಂದೀಶ್ವರನ್ನ ನೋಡಿ ಯಾವ ಕಾಲ ಆಯ್ತು" ಅಂದ್ರು. ತಿರುವಲ್ಲಿ ಕಾರು ನಿಂತಿದ್ದು ನಿಂತ ಹಾಗೇ. ಮುಂದೆ ಬೈಕು, ಹಿಂದೆ ಬೈಕು, ಎಲ್ಲಾ ಬೆಂಗಳೂರಿನವು. ಮೇಲೆ ಮುಟ್ಟೋ ಹೊತ್ತಿಗೆ ಬಿಸಿಲು ಚುರ್ ಅಂತಿತ್ತು. ಮೋಡ ಇಲ್ಲ ಮಣ್ಣೂ ಇಲ್ಲ. ಕೋತಿ ಬಂದು ಡಬ್ಬಿ ಸಮೇತ ಚಿತ್ರಾನ್ನ ಎತ್ಕೊಂಡು ಮರ ಹತ್ತಿತು.

ಮಗನ ಪಟ್ಟೀಲಿ ಈಗ ಇರೋದು ಇಷ್ಟು: "1. ಕಾಗೆ. 2. ಕೋತಿ (ಹಕ್ಕಿ ಅಲ್ಲ)."

ಗೊತ್ತಿರೋರು ಹೇಳಿ. ಮೋಡ ಕೆಳಗಡೆ ಹಾಸಿರೋ ಹಾಗೆ ಫೋಟೋದಲ್ಲೆಲ್ಲಾ ಕಾಣುತ್ತಲ್ಲ, ಅದು ಯಾವ ತಿಂಗಳು? ಹಕ್ಕಿ ನೋಡೋಕೆ ಯಾವ ಹೊತ್ತು? ನಂದಿ ಬಿಟ್ಟು ಬೇರೆ ಬೆಟ್ಟ ಇದ್ರೂ ಸರಿ. ಅತ್ತೆಗೆ ಮಂಡಿನೋವು, ಅದನ್ನೂ ನೋಡ್ಕೋಬೇಕು.

ಕ್ಯಾತ್ಸಂದ್ರ ತಟ್ಟೆ (ತುಮಕೂರು), 9.20

ಕೋತೀನ ಪಟ್ಟಿಯಿಂದ ತೆಗೀಬೇಡಿ ಅಕ್ಕ, ಅಷ್ಟು ಪ್ರಾಮಾಣಿಕವಾಗಿ ಯಾವ ಮಗು ಬರೆಯುತ್ತೆ ಹೇಳಿ. ಭಾನುವಾರ ನಂದಿಗೆ ಹೋಗೋದೂ ಮೆಜೆಸ್ಟಿಕ್ಕಿಗೆ ಹೋಗೋದೂ ಎರಡೂ ಒಂದೇ. ನಮ್ಮ ದೇವರಾಯನದುರ್ಗಕ್ಕೆ ಬನ್ನಿ, ಬರೋ ದಾರೀಲಿ ತಟ್ಟೆ ಇಡ್ಲಿ ಕೊಡಿಸ್ತೀನಿ.

ವೀಕೆಂಡ್ ಬುಲೆಟ್ (ಬೆಂಗಳೂರು), 9.41

ಬೆಂಗಳೂರಿನವರ ಮೇಲೆ ಯಾಕೆ ಮೇಡಂ ಸಿಟ್ಟು? ನಾವೂ ಅದೇ ಸಾಲಲ್ಲಿ ನಿಂತಿದ್ವಿ. ಮೋಡಕ್ಕೆ ಜುಲೈ ಆಗಸ್ಟ್ ಬೆಸ್ಟ್. ನಾನು ಮೂರು ಸಲ ಹೋಗಿದೀನಿ, ಮೂರು ಸಲಾನೂ ಫುಲ್ ಮೋಡ.

ಕಳವಾರದ ಹುಡುಗ, 9.55

ಜುಲೈನಾಗೆ ಮೋಡ ಇರ್ತದೆ ಅಣ್ಣ, ಆದ್ರೆ ನೀನು ಅದ್ರೊಳಗೆ ಇರ್ತೀಯ. ಪಕ್ಕದಾಗೆ ನಿಂತೋನ ಮುಖಾನೇ ಕಾಣಲ್ಲ. ಅಕ್ಕ ಕೇಳ್ತಿರೋದು ಕೆಳಗೆ ಹಾಸಿರೋ ಮೋಡ. ಅದು ಈಗ, ಕಾರ್ತೀಕದಿಂದ ಸಂಕ್ರಾಂತಿ ತನಕ.

ಒಂದು ಗುರುತು ಹೇಳ್ತೀನಿ. ಹಿಂದಿನ ರಾತ್ರಿ ಮನೆ ಮುಂದೆ ನಿಂತ್ಕಂಡು ಮೇಲೆ ನೋಡಿ. ಚುಕ್ಕಿ ಎಲ್ಲಾ ಪಳಪಳ ಅಂತಿದ್ದು, ಗಾಳಿ ಒಂಚೂರೂ ಇಲ್ದೆ, ಸಂಜೇಗೇ ಹುಲ್ಲು ಒದ್ದೆ ಆಗಿತ್ತು ಅಂದ್ರೆ ಬೆಳಗ್ಗೆ ಮೋಡ ಗ್ಯಾರಂಟಿ. ಗಾಳಿ ಬೀಸ್ತಿದ್ರೆ ಹೊದ್ಕಂಡು ಮಲಕ್ಕಳ್ಳಿ. ನಮ್ಮ ಕಳವಾರ ಬೆಟ್ಟಕ್ಕೆ (ನೀವೆಲ್ಲ ಸ್ಕಂದಗಿರಿ ಅಂತೀರ) ಬರೋರಿಗೂ ಇದನ್ನೇ ಹೇಳೋದು. ಯಾರೂ ಕೇಳಲ್ಲ. ಶನಿವಾರ ರಜೆ ಐತೆ ಅಂತ ಶನಿವಾರಾನೇ ಬತ್ತಾರೆ. ಮೋಡಕ್ಕೆ ಶನಿವಾರ ಗೊತ್ತಾ?

ನಿವೃತ್ತ ಮೇಷ್ಟ್ರು (ಕೋಲಾರ), 10.30

ಕಳವಾರದ ಹುಡುಗ ಹೇಳಿದ ಗುರುತು ನೂರಕ್ಕೆ ನೂರು ಸರಿ. ಮೂವತ್ತು ವರ್ಷ ಭೂಗೋಳ ಪಾಠ ಮಾಡಿದೋನು ನಾನು, ಕಾರಣಾನೂ ಹೇಳ್ದೇ ಇದ್ರೆ ನಿದ್ದೆ ಬರಲ್ಲ.

ಸಾಮಾನ್ಯ ಲೆಕ್ಕದಲ್ಲಿ ನೂರು ಮೀಟರ್ ಮೇಲೆ ಹೋದ್ರೆ ಅರ್ಧ ಡಿಗ್ರಿಗಿಂತ ಸ್ವಲ್ಪ ಜಾಸ್ತಿ ತಣ್ಣಗಾಗುತ್ತೆ. ನಂದಿ ನೆತ್ತಿ ಸುಮಾರು 1478 ಮೀಟರ್, ಚಿಕ್ಕಬಳ್ಳಾಪುರ ಊರು 900 ಚಿಲ್ಲರೆ. ಅಂದ್ರೆ ಮೇಲೆ ಮೂರು ಮೂರೂವರೆ ಡಿಗ್ರಿ ಕಡಿಮೆ ಇರಬೇಕು. ಆದ್ರೆ ಚಳಿಗಾಲದ ಶಾಂತ ರಾತ್ರೀಲಿ ಈ ಲೆಕ್ಕ ತಲೆಕೆಳಗಾಗುತ್ತೆ. ಆಕಾಶ ತೆರೆದಿದ್ರೆ ನೆಲದ ಶಾಖವೆಲ್ಲ ಮೇಲಕ್ಕೆ ಹಾರಿಹೋಗುತ್ತೆ. ನೆಲ ತಣ್ಣಗಾಯ್ತು, ನೆಲಕ್ಕೆ ತಾಗಿದ ಗಾಳೀನೂ ತಣ್ಣಗಾಯ್ತು. ತಣ್ಣನೆ ಗಾಳಿಗೆ ತೂಕ ಜಾಸ್ತಿ, ಇಳಿಜಾರಲ್ಲಿ ಜಾರಿ ತಗ್ಗಿಗೆ ಬಂದು ಕೆರೆ ನೀರಿನ ಹಾಗೆ ನಿಲ್ಲುತ್ತೆ. ಚಿತ್ತಾ ಸ್ವಾತಿ ಮಳೆ ಚೆನ್ನಾಗಾದ ವರ್ಷ ನೆಲದಲ್ಲಿ ತೇವ ಇರುತ್ತಲ್ಲ, ಆ ತೇವವೇ ಮಂಜಾಗಿ ಕಟ್ಕೊಳ್ಳುತ್ತೆ. ಬಿಸಿಲೇರಿ ನೆಲ ಕಾದ ಮೇಲೆ ಒಂಬತ್ತರ ಹೊತ್ತಿಗೆ ಕರಗಿಹೋಗುತ್ತೆ. ಗಾಳಿ ಬೀಸಿದ್ರೆ ಪದರವೇ ಕಲಸಿಹೋಗುತ್ತೆ, ಅದಕ್ಕೇ ಗಾಳಿ ಇರಬಾರದು ಅನ್ನೋದು.

ಇದರಲ್ಲಿ ತಮಾಷೆ ಏನು ಗೊತ್ತೇನಮ್ಮ? ಮೇಲೆ ನಿಂತೋರು "ಮೋಡದ ಕಡಲು" ಅಂತ ಫೋಟೋ ಹೊಡೀತಾರಲ್ಲ, ಅದು ನಿಮ್ಮ ತೋಟದ ಮಂಜೇ. ಆ ಹೊತ್ತಲ್ಲಿ ನೀವು ಅದರ ತಳದಲ್ಲಿ ಕಾಫಿ ಕಾಯಿಸ್ತಾ ಇರ್ತೀರ.

ದ್ರಾಕ್ಷಿ ತೋಟದ ಸೊಸೆ, 10.44

ಅಯ್ಯೋ ಸಾರ್! ಆ ಮಂಜಿಗೆ ನಮ್ಮ ಮಾವ ಬೆಳಗೆದ್ದು ಶಾಪ ಹಾಕ್ತಾರೆ. ಎರಡು ದಿನ ಮಂಜು ಕೂತ್ರೆ ದ್ರಾಕ್ಷಿ ಎಲೆಗೆ ಡೌನಿ ರೋಗ ಬಂತು ಅಂತಾನೇ, ಔಷಧಿ ಹೊಡೆಯೋ ಖರ್ಚು ಬೇರೆ. ನಾವು ಬೈಕೊಳ್ಳೋದನ್ನ ನೋಡೋಕೆ ಜನ ಟಿಕೆಟ್ ತಗೊಂಡು ಮೇಲೆ ಹೋಗ್ತಾರಾ!

ಕ್ಯಾತ್ಸಂದ್ರ ತಟ್ಟೆ, 10.46

ಮಾವನಿಗೆ ಹೇಳಿ, ಟಿಕೆಟ್ಟಲ್ಲಿ ಪಾಲು ಕೇಳಲಿ.

ವೀಕೆಂಡ್ ಬುಲೆಟ್, 10.58

ಮೇಷ್ಟ್ರೇ ಸೂಪರ್. ಜುಲೈ ವಿಚಾರ ವಾಪಸ್ ತಗೊಂಡೆ.

ಸಿಪಿಲೆ, ಸೋಮವಾರ ಬೆಳಿಗ್ಗೆ 6.40

ಹಕ್ಕಿ ವಿಷಯಕ್ಕೆ ಬರ್ತೀನಿ. ಅಕ್ಕ, ನಿಮ್ಮ ಮೊದಲ ತಪ್ಪು ಭಾನುವಾರ ಹೋಗಿದ್ದು, ಎರಡನೆಯದು ಕಾರಲ್ಲಿ ಹೋಗಿದ್ದು. ಸುಲ್ತಾನ್‌ಪೇಟೆ ಕಡೆಯಿಂದ ಹಳೇ ಮೆಟ್ಟಿಲ ದಾರಿ ಇದೆ. ಎರಡೂ ಕಡೆ ಕುರುಚಲು ಕಾಡು, ಬಂಡೆ, ಗಾಡಿ ಸದ್ದಿಲ್ಲ. ತುದಿ ತನಕ ಹತ್ತಲೇಬೇಕು ಅಂತೇನಿಲ್ಲ. ಇನ್ನೂರು ಮೆಟ್ಟಿಲು ಹತ್ತಿ ಒಂದು ಕಡೆ ಕೂತ್ಕೊಳಿ. ಇಪ್ಪತ್ತು ನಿಮಿಷ ಮಾತಾಡಬೇಡಿ. ಏಳೂವರೆಯಿಂದ ಒಂಬತ್ತೂವರೆ ಒಳ್ಳೆ ಹೊತ್ತು. ಸೂರ್ಯೋದಯಕ್ಕೇ ಓಡಬೇಕಾಗಿಲ್ಲ. ಚಳಿಗಾಲದಲ್ಲಿ ಹಕ್ಕಿಗಳೂ ಮೈ ಬಿಸಿಯಾದ ಮೇಲೇ ಚುರುಕಾಗೋದು.

ಹುಡುಗನ ಪಟ್ಟೀಗೆ ಸುಲಭವಾಗಿ ಸಿಗೋವು: ಕೆಮ್ಮೀಸೆ ಪಿಕಳಾರ (ತಲೆ ಮೇಲೆ ಜುಟ್ಟು, ಕೆನ್ನೇಲಿ ಕೆಂಪು ಚುಕ್ಕೆ), ಮಡಿವಾಳ, ಕುಟ್ರುಹಕ್ಕಿ, ಸೂರಕ್ಕಿ, ಹರಟೆಮಲ್ಲ. ಹರಟೆಮಲ್ಲ ಏಳೆಂಟು ಒಟ್ಟಿಗೇ ಬಂದು ಜಗಳ ಆಡ್ತಾವೆ, ತಪ್ಪಿಸಿಕೊಳ್ಳೋ ಮಾತೇ ಇಲ್ಲ.

ಇದು ಡಿಸೆಂಬರ್, ಅಂದ್ರೆ ವಲಸೆ ಬಂದಿರೋ ನೆಂಟರೂ ಇದ್ದಾರೆ. ಬೂದು ಸಿಪಿಲೆ ಹಿಮಾಲಯದ ಕಡೆಯಿಂದ ಸೆಪ್ಟೆಂಬರಲ್ಲೇ ಬಂದು ಮಾರ್ಚ್ ತನಕ ಇಲ್ಲೇ ಇರುತ್ತೆ. ನೀರು ಹರಿಯೋ ಕಡೆ ಬಾಲ ಮೇಲೆ ಕೆಳಗೆ ಆಡಿಸ್ತಾ ಓಡಾಡೋ ಹಳದಿ ಹೊಟ್ಟೆಯ ಹಕ್ಕಿ ಕಂಡ್ರೆ ಅದೇ (ನನ್ನ ಹೆಸರೂ ಅದೇ!). ಮೇಲಿನ ತೋಟದ ಒಳಗೆ, ಎಲೆ ಕೊಳೆತು ಬಿದ್ದ ನೆರಳಲ್ಲಿ ಕಿತ್ತಳೆ ತಲೆಯ ನೆಲಸಿಳ್ಳಾರ, ಅದೃಷ್ಟ ಇದ್ರೆ ಕಪ್ಪು ಬಿಳುಪಿನ ಸಿಳ್ಳಾರ. ಇದನ್ನ ನೋಡೋಕಂತಾನೇ ದೂರದಿಂದ ಜನ ನಂದಿಗೆ ಬರ್ತಾರೆ. ಅವರು ಟಿಪ್ಪು ಡ್ರಾಪ್ ಕಡೆ ತಲೆ ಹಾಕೋದೇ ಇಲ್ಲ, ಕಸದ ತೊಟ್ಟಿ ಹಿಂದಿನ ಪೊದೆ ನೋಡ್ತಾ ಗಂಟೆಗಟ್ಟಲೆ ಕೂತಿರ್ತಾರೆ.

ಎಲ್ಲಕ್ಕಿಂತ ಮುಖ್ಯವಾದವನು ಹಳದಿ ಕೊರಳಿನ ಪಿಕಳಾರ. ತಲೆ, ಕೊರಳು ಅರಿಶಿನ ಬಳಿದ ಹಾಗೆ, ಜುಟ್ಟಿಲ್ಲ. ದಕ್ಷಿಣ ಭಾರತದ ಬಂಡೆಗುಡ್ಡಗಳು ಬಿಟ್ಟು ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಅಪಾಯದ ಅಂಚಿನ ಪಟ್ಟೀಲಿರೋ ಹಕ್ಕಿ. ನಂದೀಲೂ ಇದೆ, ದೇವರಾಯನದುರ್ಗದಲ್ಲೂ ಇದೆ. ನಿಮ್ಮ ಕಿಟಕಿಯಿಂದ ಕಾಣೋ ಬೆಟ್ಟದಲ್ಲೇ ಇದೆ ಅಕ್ಕ.

ಮಾಲೂರು ಹೆಂಚು, 7.05

ಮೆಟ್ಟಿಲು ಎಷ್ಟು? 1175 ಅಂತಾರೆ. ನಾನು ಮೂರು ಸಲ ಎಣಿಸಿದೀನಿ, ಮೂರು ಸಲಾನೂ ಬೇರೆ ಬೇರೆ ಲೆಕ್ಕ ಬಂತು. ಒಂದು ಸಲ ನಡುವೆ ಕೋತಿ ಅಟ್ಟಿಸ್ಕೊಂಡು ಬಂದು ಎಣಿಕೆ ತಪ್ಪಿತು, ಅದು ಲೆಕ್ಕಕ್ಕಿಲ್ಲ.

ದ್ರಾಕ್ಷಿ ತೋಟದ ಸೊಸೆ, 7.30

ಸಿಪಿಲೆಯವರೇ ತುಂಬಾ ಥ್ಯಾಂಕ್ಸ್, ಮಗ ಎಲ್ಲಾ ಬರ್ಕೊಂಡ. ಕೋತಿಗೆ ಏನು ಮಾಡೋದು?

ಕಳವಾರದ ಹುಡುಗ, 7.48

ಪ್ಲಾಸ್ಟಿಕ್ ಕವರ್ ತಗೊಂಡೋಗ್ಬೇಡಿ. ಕವರ್ ಸರಸರ ಅಂದ್ರೆ ಅವಕ್ಕೆ ಊಟದ ಬೆಲ್ ಹೊಡೆದಂಗೆ. ಬಟ್ಟೆ ಚೀಲ, ಬೆನ್ನಿಗೆ ಹಾಕ್ಕಳ್ಳಿ, ತಿನ್ನೋದನ್ನ ಕಾರಲ್ಲೇ ತಿನ್ನಿ. ಕಣ್ಣಲ್ಲಿ ಕಣ್ಣಿಟ್ಟು ನೋಡ್ಬೇಡಿ. ಪಾಪ ಅಂತ ಬಾಳೆಹಣ್ಣು ಕೊಡೋರಿಂದಾನೇ ಇಷ್ಟೆಲ್ಲಾ ಆಗಿದ್ದು.

ವೀಕೆಂಡ್ ಬುಲೆಟ್, 8.15

ಆ ಹಳದಿ ಕೊರಳು ನೋಡೋದು ಸುಲಭ. ಫೋನಲ್ಲಿ ಅದರ ಕೂಗು ಹಾಕಿ, ಎರಡೇ ನಿಮಿಷದಲ್ಲಿ ಎದುರಿಗೆ ಬಂದು ಕೂರುತ್ತೆ. ನನ್ನ ಹತ್ರ ಒಳ್ಳೆ ಫೋಟೋ ಇದೆ.

ಸಿಪಿಲೆ, 8.17

ದಯವಿಟ್ಟು ಇದನ್ನ ಹುಡುಗನಿಗೆ ಹೇಳಿಕೊಡಬೇಡಿ.

ವೀಕೆಂಡ್ ಬುಲೆಟ್, 8.20

ಒಂದು ನಿಮಿಷ ಹಾಕಿದ್ರೆ ಏನಾಗುತ್ತೆ ಸ್ವಾಮಿ, ಕಲ್ಲು ಹೊಡೆದ್ನಾ?

ಸಿಪಿಲೆ, 8.41

ನಿಮ್ಮ ಮನೆ ಬಾಗಿಲಲ್ಲಿ ಯಾರೋ ನಿಂತು "ಇದು ನನ್ನ ಮನೆ, ಆಚೆ ಬಾ" ಅಂತ ಕೂಗಿದ್ರೆ ನೀವು ಊಟ ಬಿಟ್ಟು ಬರ್ತೀರೋ ಇಲ್ವೋ? ಅದೂ ಹಾಗೇ ಬರೋದು. ತನ್ನ ಜಾಗಕ್ಕೆ ಇನ್ನೊಂದು ಗಂಡು ಬಂತು ಅಂತ ಗಾಬರಿಯಿಂದ. ನೀವು ಒಂದು ನಿಮಿಷ ಹಾಕ್ತೀರ, ನಿಮ್ಮ ಹಿಂದೆ ಬಂದೋರು ಒಂದು ನಿಮಿಷ, ಭಾನುವಾರ ಅಂಥೋರು ಎಷ್ಟು ಜನ? ಗೂಡಿನ ಕಾಲದಲ್ಲಾದ್ರೆ ಮೊಟ್ಟೆ ತಣ್ಣಗಾಗುತ್ತೆ, ಕಾಗೆ ಬಂದು ಹೊತ್ಕೊಂಡು ಹೋಗುತ್ತೆ.

ನಂದೇ ತಪ್ಪು ಒಂದು ಹೇಳ್ತೀನಿ. ಕೆಲವು ವರ್ಷದ ಹಿಂದೆ ಒಂದು ಕಲ್ಲುಗುಡ್ಡದಲ್ಲಿ ಕೊಂಬಿನ ಗೂಬೆ ಗೂಡು ಮಾಡಿತ್ತು. ಖುಷಿ ತಡೀಲಾರದೆ ಒಂದು ವಾಟ್ಸಾಪ್ ಗುಂಪಲ್ಲಿ ಜಾಗ ಹೇಳಿಬಿಟ್ಟೆ. ಮುಂದಿನ ಭಾನುವಾರ ಹೋದ್ರೆ ಬಂಡೆ ಕೆಳಗೆ ಹದಿನೇಳು ಜನ, ಮೂರು ದೊಡ್ಡ ಲೆನ್ಸು, ಒಬ್ಬ ಟಾರ್ಚ್ ಬಿಡ್ತಾ ಇದ್ದ. ಅದರ ಮುಂದಿನ ವಾರ ಗೂಡು ಖಾಲಿ. ಇವತ್ತಿಗೂ ಆ ಗುಡ್ಡದ ಹೆಸರು ಬರೆಯೋಕೆ ಕೈ ಬರಲ್ಲ.

ವೀಕೆಂಡ್ ಬುಲೆಟ್, 9.02

ಅಷ್ಟು ಯೋಚನೆ ಮಾಡಿರಲಿಲ್ಲ. ಸರಿ. ಆದ್ರೆ ನಂದಿಬೆಟ್ಟದ ಹೆಸರನ್ನ ನೀವೇ ಬರೆದ್ರಲ್ಲ?

ಸಿಪಿಲೆ, 9.04

ಬೆಟ್ಟದ ಹೆಸರು ಬರೆದೆ, ಪೊದೆಯ ಹೆಸರು ಬರೀಲಿಲ್ಲ.

ಬೈರಸಾಗರ (ಗುಡಿಬಂಡೆ), 9.30

ನಂದೀಲಿ ನೀಲಗಿರಿ ಪಾರಿವಾಳ ಇದೆ ಅಂತಾರೆ. ಅದು ನೀಲಗಿರಿ ಮರದಲ್ಲಿರುತ್ತಾ? ಹಾಗಿದ್ರೆ ನಮ್ಮ ಗುಡಿಬಂಡೆ ಸುತ್ತಮುತ್ತ ತುಂಬಿ ತುಳುಕಬೇಕಿತ್ತಲ್ಲ!

ಸಿಪಿಲೆ, 9.38

ಹ್ಹ ಹ್ಹ, ಇಲ್ಲ ಸಾರ್. ಆ ಪಾರಿವಾಳಕ್ಕೆ ನೀಲಗಿರಿ ಗುಡ್ಡದ ಹೆಸರು, ಈ ಮರಕ್ಕೂ ಆ ಗುಡ್ಡದ ಹೆಸರೇ, ಆದ್ರೆ ಎರಡಕ್ಕೂ ಸಂಬಂಧ ಇಲ್ಲ. ಅದು ಪಶ್ಚಿಮಘಟ್ಟದ ಹಕ್ಕಿ, ಕಾಡುಹಣ್ಣು ತಿಂದು ಬದುಕೋದು. ಘಟ್ಟದಿಂದ ಇಷ್ಟು ದೂರದಲ್ಲಿ, ನಂದಿ ನೆತ್ತಿಯ ತಂಪು ಮರಗಳ ನಡುವೆ ಸ್ವಲ್ಪ ಉಳ್ಕೊಂಡಿವೆ. ನೀಲಗಿರಿ ಮರದಲ್ಲಿ ಅದಕ್ಕೆ ತಿನ್ನೋಕೆ ಏನೂ ಇಲ್ಲ.

ಮಾಲೂರು ಹೆಂಚು, 9.50

ಈ ನೀಲಗಿರೀನ ನಂದಿಗೆ ತಂದಿದ್ದೇ ಟಿಪ್ಪು ಕಾಲದಲ್ಲಿ, 1790ರ ಸುಮಾರಿಗೆ ಅಂತ ಹೇಳ್ತಾರೆ. ಅಲ್ಲಿಂದ ಶುರುವಾಗಿ ನಮ್ಮ ಕೋಲಾರದ ಹೊಲಗಳನ್ನೆಲ್ಲಾ ನುಂಗಿಬಿಡ್ತು. ಅಂತರ್ಜಲ ಸಾವಿರ ಅಡಿ ದಾಟಿದ ಮೇಲೆ 2017ರಲ್ಲಿ ಸರ್ಕಾರ ಹೊಸದಾಗಿ ನೆಡಬಾರದು ಅಂತ ಆದೇಶ ಮಾಡ್ತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ್ರಂತೆ.

ಬೈರಸಾಗರ, 10.01

ಎಲ್ಲಾ ತಪ್ಪೂ ಮರದ ತಲೆಗೇ ಕಟ್ಟಿದ್ರೆ ಹೇಗೆ? ಮಳೆ ಇಲ್ಲ, ಕೂಲಿ ಆಳಿಲ್ಲ, ರಾಗಿ ಹಾಕಿದ್ರೆ ಹುಟ್ಟುವಳಿ ಇಲ್ಲ. ರೈತ ಇನ್ನೇನು ಮಾಡ್ಬೇಕಿತ್ತು? ಆ ನೀಲಗಿರಿ ಕಡಿದ ದುಡ್ಡಲ್ಲೇ ನನ್ನನ್ನ ಡಿಗ್ರಿ ಓದಿಸಿದ್ದು ನಮ್ಮಪ್ಪ.

ಮಾಲೂರು ಹೆಂಚು, 10.09

ನಮ್ಮಪ್ಪಾನೂ ಅಷ್ಟೇ. ಈಗ ಅದೇ ದುಡ್ಡು ಬೋರ್‌ವೆಲ್ ಕೊರೆಸೋಕೆ ಹೋಗ್ತಾ ಇದೆ.

ಕ್ಯಾತ್ಸಂದ್ರ ತಟ್ಟೆ, 10.15

ಈಗ ಕೆ.ಸಿ. ವ್ಯಾಲಿ ನೀರು ಬಂದಿದೆಯಲ್ಲ ನಿಮಗೆ?

ಮಾಲೂರು ಹೆಂಚು, 10.22

ಬಂದಿದೆ. 2018ರಿಂದ ಬೆಂಗಳೂರಿನ ಚರಂಡಿ ನೀರು ಶುದ್ಧಿ ಆಗಿ ನಮ್ಮ ಕೆರೆಗೆ ಬರ್ತಾ ಇದೆ. ಕೆರೆ ತುಂಬಿದೆ, ಹಕ್ಕಿ ಬಂದಿದೆ, ಅಂತರ್ಜಲ ಮೇಲೆ ಬಂದಿದೆ, ಇಲ್ಲ ಅನ್ನಲ್ಲ. ಆದ್ರೆ ಶುದ್ಧಿ ಮಾಡೋದು ಎರಡನೇ ಹಂತದ ತನಕ ಮಾತ್ರ. ಮೂರನೇ ಹಂತಾನೂ ಮಾಡಿ ಅಂತ ಹೋರಾಟ ಇನ್ನೂ ನಡೀತಾ ಇದೆ.

ನಿರ್ವಾಹಕ, 10.31

ಬೆಟ್ಟದಿಂದ ಇಳಿದು ಚರಂಡಿ ತನಕ ಬಂದ್ವಿ. ವಾಪಸ್ ಹತ್ತೋಣ.

ಕಾಡುಪಾಪ (ತುಮಕೂರು ಕಡೆ), 1.10

ನಮ್ಮ ಜಿಲ್ಲೆ ಪರವಾಗಿ ಎರಡು ಮಾತು, ತಟ್ಟೆ ಅಣ್ಣ ಇಡ್ಲಿ ಬಿಟ್ಟು ಬೇರೇನೂ ಹೇಳಲಿಲ್ಲ.

ಅತ್ತೆಗೆ ಮಂಡಿನೋವು ಅಂದ್ರಲ್ಲ, ದೇವರಾಯನದುರ್ಗ ಸರಿ. ಭೋಗನರಸಿಂಹನ ಗುಡಿ ತನಕ ಗಾಡಿ ಹೋಗುತ್ತೆ, ಯೋಗನರಸಿಂಹನ ಗುಡಿಗೆ ಆಮೇಲೆ ಮೆಟ್ಟಿಲು. ಕೆಳಗೆ ನಾಮದ ಚಿಲುಮೆ ಇದೆ. ರಾಮ ಹಣೆಗೆ ನಾಮ ಇಟ್ಕೊಳೋಕೆ ನೀರಿಲ್ಲ ಅಂತ ಬಾಣ ಹೊಡೆದು ಬಂಡೆಯಿಂದ ನೀರು ಬರಿಸಿದ್ದು ಅನ್ನೋ ಕಥೆ. ಅಲ್ಲಿ ಮರದ ಕೆಳಗೆ ಕೂತ್ರೂ ಸಾಕು, ರಾಜಹಕ್ಕಿ ತಾನಾಗೇ ಬರುತ್ತೆ. ಉದ್ದ ಬಿಳಿ ಬಾಲ, ಗಾಳೀಲಿ ರಿಬ್ಬನ್ ಬಿಟ್ಟ ಹಾಗೆ. ಶಿಂಷಾ, ಜಯಮಂಗಲಿ ಎರಡೂ ಹುಟ್ಟೋದು ಈ ಬೆಟ್ಟಸಾಲಲ್ಲೇ. ಜಯಮಂಗಲಿ ಹೆಸರಲ್ಲೇ ಮಧುಗಿರಿ ತಾಲ್ಲೂಕಿನ ಮೈದನಹಳ್ಳೀಲಿ ಕೃಷ್ಣಮೃಗದ ಮೀಸಲು ಪ್ರದೇಶ ಇದೆ. ಅದು ಬೆಟ್ಟ ಅಲ್ಲ, ಹುಲ್ಲುಗಾವಲು.

ಡಿಸೆಂಬರಿಗಿಂತ ನನಗೆ ಇಷ್ಟ ಫೆಬ್ರವರಿ ಕೊನೆ, ಮಾರ್ಚ್. ಜಾಲಾರಿ ಹೂ ಬಿಡೋ ಕಾಲ. ಕಾಡೆಲ್ಲಾ ಬೋಳು ಬೋಳಾಗಿರುತ್ತೆ, ಆದ್ರೆ ಗಾಳಿ ತುಂಬಾ ಒಂಥರಾ ಸಿಹಿ ವಾಸನೆ. ಮುತ್ತುಗ ಬೇರೆ ಕೆಂಪಗೆ. ಆ ಹೊತ್ತಲ್ಲಿ ಚಾರಣಕ್ಕೆ ಯಾರೂ ಬರಲ್ಲ, "ಒಣಗಿಹೋಗಿದೆ, ಏನೂ ಇಲ್ಲ" ಅಂತಾರೆ. ಹೂ ಇರೋದೇ ಆಗ.

ನನ್ನ ಹೆಸರಿನ ಪ್ರಾಣಿ ನೋಡಬೇಕು ಅಂದ್ರೆ ಮಾತ್ರ ರಾತ್ರಿ. ನಾಗವಲ್ಲಿ ಕಡೆ ತೋಟ, ಬೇಲಿ ಸಾಲಲ್ಲಿ ಕಾಡುಪಾಪ ಇವೆ. ಕಾಡಲ್ಲಲ್ಲ, ಹಳ್ಳಿ ಅಂಚಲ್ಲೇ. ದೊಡ್ಡ ಕಣ್ಣು, ನಿಧಾನ ನಡಿಗೆ. ಗೊತ್ತಿರೋರ ಜೊತೆ ಹೋಗಿ, ಕೆಂಪು ಬೆಳಕಿನ ಟಾರ್ಚ್ ಬಳಸಿ.

ಕ್ಯಾತ್ಸಂದ್ರ ತಟ್ಟೆ, 1.18

ಇಡ್ಲೀನೂ ಪ್ರಕೃತಿ ವೀಕ್ಷಣೆಯ ಭಾಗಾನೇ.

ಮಧುಗಿರಿ ಏಕಶಿಲೆ, 2.40

ನಮ್ಮ ಬೆಟ್ಟ ಮರೆತ್ರಾ? ಇಡೀ ಬೆಟ್ಟ ಒಂದೇ ಕಲ್ಲು. ಆದ್ರೆ ಅತ್ತೆಯವರನ್ನ, ಚಿಕ್ಕ ಹುಡುಗನ್ನ ತುದಿ ತನಕ ಕರ್ಕೊಂಡು ಹೋಗಬೇಡಿ. ಮೇಲೆ ಹೋಗ್ತಾ ಬಂಡೇಲಿ ಕೊರೆದ ಗುಂಡಿ ಮೆಟ್ಟಿಲು, ಕಂಬಿ ಹಿಡ್ಕೊಂಡು ಹತ್ಬೇಕು. ಮಳೇಲಿ ಜಾರುತ್ತೆ, ಹತ್ತು ಗಂಟೆ ಮೇಲೆ ಬಂಡೆ ಕಾದು ಕಾಲು ಸುಡುತ್ತೆ. ಮಧುಗಿರಿ ಅಂತ ಹೆಸರು ಬಂದಿದ್ದೇ ಜೇನಿನಿಂದ ಅಂತಾರೆ. ಸೆಂಟು ಹೊಡ್ಕೊಂಡು, ಸಿಗರೇಟ್ ಸೇದ್ಕೊಂಡು ಹೆಜ್ಜೇನು ಇರೋ ಬಂಡೆ ಕೆಳಗೆ ಹೋಗಬೇಡಿ. ನಮ್ಮ ಚಿಕ್ಕಪ್ಪ ಒಬ್ರು ಹೋಗಿ, ಆಸ್ಪತ್ರೆಗೆ ಸೇರಿಸೋ ತನಕ ಬಂತು.

ಕಲ್ಲಿನ ಬಗ್ಗೆ ಮೇಷ್ಟ್ರು ಒಂದು ಮಾತು ಹೇಳ್ಬೇಕು.

ನಿವೃತ್ತ ಮೇಷ್ಟ್ರು, 4.05

ಕರೆದಿದ್ದಕ್ಕೆ ಬಂದೆ. ನಿಮ್ಮ ಮಧುಗಿರಿ ಸಾಲಿನ ಕಲ್ಲಿಗೆ ಕ್ಲೋಸ್‌ಪೇಟೆ ಗ್ರಾನೈಟ್ ಅಂತ ಹೆಸರು. ಕ್ಲೋಸ್‌ಪೇಟೆ ಅಂದ್ರೆ ಈಗಿನ ರಾಮನಗರದ ಹಳೇ ಹೆಸರು. ವಯಸ್ಸು ಸುಮಾರು 250 ಕೋಟಿ ವರ್ಷ. ಆ ಬಂಡೆ ಮೇಲೆ ಬಿಸಿಲು ಕಾಯಿಸ್ಕೊಂಡು ತಲೆ ಆಡಿಸ್ತಾ ಕೂರುತ್ತಲ್ಲ ಓತಿಕ್ಯಾತ, ಗಂಡಿಗೆ ಸಂಗಾತಿ ಹುಡುಕೋ ಕಾಲದಲ್ಲಿ ಬೆನ್ನು ಕೆಂಪೇರುತ್ತೆ. ಮಕ್ಕಳಿಗೆ ಹಕ್ಕಿಗಿಂತ ಅದೇ ಇಷ್ಟ, ಯಾಕಂದ್ರೆ ಅದು ಓಡಿಹೋಗಲ್ಲ, ಅಲ್ಲೇ ಕೂತು ಗುರಾಯಿಸುತ್ತೆ.

ನಮ್ಮ ಕೋಲಾರದ್ದೂ ಒಂದು ಇರಲಿ. ಅಂತರಗಂಗೆಗೆ ಎಲ್ಲರೂ ಬಂದಿರ್ತೀರ, ಬಸವನ ಬಾಯಿಂದ ನೀರು ಬರೋದು ನೋಡಿರ್ತೀರ, ಗುಹೆಗಳಲ್ಲಿ ನುಸುಳಿರ್ತೀರ. ಅದೇ ಜಿಲ್ಲೆಯ ಹನುಮನಹಳ್ಳಿ ಅನ್ನೋ ಊರಲ್ಲಿ ಒಂದು ಗುಹೆ ಇದೆ. ಅಲ್ಲಿ ಎಲೆಮೂಗಿನ ಬಾವಲಿ ಒಂದಿದೆ, ಹೆಸರೇ ಕೋಲಾರದ ಎಲೆಮೂಗಿನ ಬಾವಲಿ. ವಿಜ್ಞಾನಿಗಳು ಅದನ್ನ ಹೊಸ ಜಾತಿ ಅಂತ ವಿವರಿಸಿದ್ದು 1994ರಲ್ಲಿ. ಈಗ ಗೊತ್ತಿರೋ ಹಾಗೆ ಉಳಿದಿರೋದು ಆ ಒಂದೇ ಕಡೆ, ಇನ್ನೂರು ಕೂಡ ಇಲ್ಲ. ಸುತ್ತ ಕಲ್ಲು ಗಣಿ ಬಂದಿದ್ದೇ ಅದಕ್ಕೆ ಕಂಟಕ ಆಯ್ತು. ಚಿನ್ನದ ಗಣಿಯಿಂದ ಕೋಲಾರದ ಹೆಸರು ಲೋಕಕ್ಕೆಲ್ಲ ಗೊತ್ತು, ಈ ಬಾವಲಿ ನಮ್ಮ ಕೋಲಾರದೋರಿಗೇ ಗೊತ್ತಿಲ್ಲ. ಗೊತ್ತಾಯ್ತು ಅಂತ ನೋಡೋಕೆ ಹೋಗಬೇಡಿ ಮತ್ತೆ. ಗುಹೆಯೊಳಗೆ ಜನ ಹೊಕ್ಕರೆ ಬಾವಲಿ ಬೆದರಿ ಜಾಗ ಬಿಡುತ್ತೆ, ಅವಕ್ಕೆ ಹೋಗೋಕೆ ಬೇರೆ ಜಾಗ ಇಲ್ಲ.

ಬೈರಸಾಗರ, 4.30

ಇದು ನಿಜಕ್ಕೂ ಗೊತ್ತಿರಲಿಲ್ಲ ಸಾರ್.

ಶಿಡ್ಲಘಟ್ಟ ರೇಷ್ಮೆ, ಮಂಗಳವಾರ 11.20

ಮೋಡ ನೋಡೋ ಆಸೇಲಿ ಮೋಸ ಹೋಗಬೇಡಿ. ನಮ್ಮ ತಂಗಿ ಮಗ ಸ್ನೇಹಿತರ ಜೊತೆ ಒಂದು ಚಾರಣ ತಂಡಕ್ಕೆ ತಲೆಗೆ ಇಷ್ಟು ಅಂತ ದುಡ್ಡು ಕಟ್ಟಿದ್ದ. "ಸ್ಕಂದಗಿರಿ ರಾತ್ರಿ ಚಾರಣ, ಬೆಂಕಿ ಹಾಕ್ಕೊಂಡು ಹಾಡು" ಅಂತ ಜಾಹೀರಾತು. ರಾತ್ರಿ ಒಂದು ಗಂಟೆಗೆ ಬುಡಕ್ಕೆ ಹೋದ್ರೆ ಕಾವಲಿನವರು ವಾಪಸ್ ಕಳಿಸಿದ್ರು, ರಾತ್ರಿ ಹತ್ತೋಕೆ ಅನುಮತಿನೇ ಇಲ್ವಂತೆ. ಕರ್ಕೊಂಡು ಹೋದೋನು ಫೋನ್ ಆಫ್. ಹುಡುಗರು ಬೆಳಗ್ಗೆ ತನಕ ರಸ್ತೇಲಿ ನಡುಗ್ತಾ ಕೂತಿದ್ರು.

ಕಳವಾರದ ಹುಡುಗ, 11.45

ಪ್ರತಿ ವಾರ ಇದೇ ಗೋಳು ಅಕ್ಕ. ಟಿಕೆಟ್ ಸರ್ಕಾರದ ಜಾಲತಾಣದಾಗೆ ಮೊದ್ಲೇ ತಗಬೇಕು, ದಿನಕ್ಕೆ ಇಷ್ಟೇ ಜನ ಅಂತ ಲೆಕ್ಕ ಐತೆ. ಮತ್ತೆ ಬೆಟ್ಟದಾಗೆ ಬೆಂಕಿ ಅಂದ್ರೆ ನಂಗೆ ಮೈ ಉರೀತದೆ. ಮಾಘ ಕಳೆದ್ರೆ ಕಾಚಿ ಹುಲ್ಲು ಒಣಗಿ ಸೀಮೆಎಣ್ಣೆ ಥರ ಆಗಿರ್ತದೆ. ಒಂದು ಸಿಗರೇಟ್ ತುಂಡು ಸಾಕು. ನಾವು ಊರೋರು ಸೊಪ್ಪು ಹಿಡ್ಕಂಡು ಬಡಿಯೋಕೆ ಹೋಗ್ಬೇಕು. ಒಂದು ವರ್ಷ ಬೆಂಕಿ ಆರಿದ ಮೇಲೆ ಹೋದ್ರೆ ಆಮೆ ಒಂದು ಚಿಪ್ಪಲ್ಲೇ ಬೆಂದೋಗಿತ್ತು.

ಬೈರಸಾಗರ, 12.10

ಹುಲ್ಲು ಹೊಸದಾಗಿ ಚಿಗುರ್ಲಿ ಅಂತ ಊರಿನವರೇ ಬೆಂಕಿ ಇಡ್ತಾರೆ ಅನ್ನೋದೂ ನಿಜ ಅಲ್ವಾ?

ಕಳವಾರದ ಹುಡುಗ, 12.14

ನಿಜ. ಸುಳ್ಳು ಹೇಳಲ್ಲ. ಮೊದ್ಲು ಜಾಸ್ತಿ ಇತ್ತು, ಈಗ ದನಾನೇ ಕಮ್ಮಿ ಆಗವೆ.

ಕ್ಯಾತ್ಸಂದ್ರ ತಟ್ಟೆ, 12.40

ಚಳಿ ಎಷ್ಟು ದಿನ ಇರುತ್ತೆ ಅಂತ ಯಾರೂ ಹೇಳಲಿಲ್ಲ. ಶಿವರಾತ್ರಿಗೆ ಶಿವಶಿವಾ ಅಂತ ಓಡಿಹೋಗುತ್ತೆ, ಅಷ್ಟೇ ಲೆಕ್ಕ. ಆಮೇಲೆ ಭೋಗನಂದಿ ತೇರಿಗೆ ಹೋಗಿ, ಪಾನಕ ಕುಡೀರಿ.

ದ್ರಾಕ್ಷಿ ತೋಟದ ಸೊಸೆ, ಶನಿವಾರ ಸಂಜೆ 6.50

ಹೋಗಿ ಬಂದ್ವಿ! ನಿನ್ನೆ ಶುಕ್ರವಾರ, ಮಗನಿಗೆ ಅರ್ಧ ದಿನ ರಜಾ ಹಾಕಿಸಿ. ಮೇಡಮ್ಮಿಗೆ "ಪ್ರಾಜೆಕ್ಟ್ ಕೆಲಸ" ಅಂತ ಚೀಟಿ ಬರೆದೆ, ಸುಳ್ಳೇನೂ ಅಲ್ಲ.

ಗುರುವಾರ ರಾತ್ರಿ ಆಚೆ ಬಂದು ನೋಡಿದ್ರೆ ಚುಕ್ಕಿ ಪಳಪಳ, ಗಾಳಿ ಇಲ್ಲ. ಬೆಳಗ್ಗೆ ಬಾಗಿಲು ತೆಗೆದ್ರೆ ಎದುರು ಮನೆ ಕಾಣಲಿಲ್ಲ, ಅಷ್ಟು ಮಂಜು. ಮಾವ ಬೈತಾ ಇದ್ರು, ನಾನು ಮನಸ್ಸಲ್ಲೇ ಕುಣೀತಾ ಇದ್ದೆ. ಅತ್ತೇನ ಭೋಗನಂದೀಶ್ವರ ಗುಡೀಲಿ ಬಿಟ್ಟು (ಮೆಟ್ಟಿಲು ಬೇಡ ಅಂದ್ರು) ನಾವು ಸುಲ್ತಾನ್‌ಪೇಟೆ ಕಡೆ ಹೋದ್ವಿ. ಒಂದು ಇನ್ನೂರೈವತ್ತು ಮೆಟ್ಟಿಲು ಹತ್ತೋ ತನಕ ಬರೀ ಬೆಳ್ಳಗೆ. ಆಮೇಲೆ ಇದ್ದಕ್ಕಿದ್ದಂಗೆ ತಲೆ ಹೊರಗೆ ಬಂದ ಹಾಗೆ ಬಿಸಿಲು. ತಿರುಗಿ ನೋಡಿದ್ರೆ ನಮ್ಮೂರೇ ಇಲ್ಲ. ನಮ್ಮ ತೋಟ, ರೈಲು ಹಳಿ, ಹೈವೇ ಎಲ್ಲಾ ಹತ್ತಿ ಅಡಿಯಲ್ಲಿ. ರೈಲು ಕೂಗಿದ್ದು ಮಾತ್ರ ಕೇಳಿಸ್ತು. ಮಗ "ಅಮ್ಮ, ಅಪ್ಪ ಇದರೊಳಗೆ ಸ್ಕೂಟರ್ ಓಡಿಸ್ತಾ ಇರ್ತಾರಾ?" ಅಂದ.

ಸಿಪಿಲೆಯವರು ಹೇಳಿದ ಹಾಗೆ ಬಾಯಿ ಮುಚ್ಚಿ ಕೂತ್ವಿ. ಇಪ್ಪತ್ತು ನಿಮಿಷ ಅವನಿಗೆ ಆಗಲಿಲ್ಲ, ಹನ್ನೆರಡು ನಿಮಿಷ ಕೂತ. ಪಟ್ಟಿ: ಕೆಮ್ಮೀಸೆ ಪಿಕಳಾರ, ಕುಟ್ರುಹಕ್ಕಿ (ಕೂಗು ಜಾಸ್ತಿ, ಕಾಣೋದು ಕಮ್ಮಿ), ಸೂರಕ್ಕಿ, ಹರಟೆಮಲ್ಲ ಒಂಬತ್ತು, ನವಿಲು, ಬೂದು ಸಿಪಿಲೆ. ಹಳದಿ ಕೊರಳು ಕಾಣಲಿಲ್ಲ. ಒಂದು ಬಂಡೆ ಮೇಲೆ ಏನೋ ಹಳದಿ ಪುರ್ ಅಂತ ಹೋಯ್ತು. ಮಗ ಅದೇ ಅಂದ, ನಾನು ಎಲೆ ಅಂದೆ.

ಕಾಗೆ ಸೇರಿ ಏಳಾಯ್ತು. ಕೆಳಗೆ ಬಂದ್ರೆ ಅತ್ತೆ ಕಲ್ಯಾಣಿ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತಿದಾರೆ. "ಎಷ್ಟು ನೋಡಿದ್ರಿ?" ಅಂದ್ರು. ಏಳು ಅಂದ. "ನಾನು ಇಲ್ಲೇ ಕೂತು ಎಂಟು ನೋಡಿದೆ" ಅಂತ ಬೆರಳು ಮಡಚಿ ಎಣಿಸಿದ್ರು. ಕೆಂಬೂತ, ಗೊರವಂಕ, ಮಡಿವಾಳ, ಮಿಂಚುಳ್ಳಿ, ಗಿಳಿ... ಅವರ ತವರಲ್ಲಿ ಚಿಕ್ಕೋರಿದ್ದಾಗ ಕೆಂಬೂತ ಬಲಕ್ಕೆ ಹೋದ್ರೆ ಒಳ್ಳೇದು ಅಂತಿದ್ರಂತೆ. ಹದಿಮೂರು ವರ್ಷದಲ್ಲಿ ಅವರಿಗೆ ಇಷ್ಟು ಹೆಸರು ಗೊತ್ತು ಅಂತ ನನಗೆ ಗೊತ್ತಿರಲಿಲ್ಲ, ನಾನೂ ಕೇಳಿರಲಿಲ್ಲ.

ಸಿಪಿಲೆ, 7.05

ಅತ್ತೆಯವರಿಗೆ ನನ್ನ ನಮಸ್ಕಾರ ಹೇಳಿ. ಆ ಪುರ್ ಅಂತ ಹೋಗಿದ್ದಕ್ಕೆ ಜುಟ್ಟು ಇತ್ತಾ?

ದ್ರಾಕ್ಷಿ ತೋಟದ ಸೊಸೆ, 7.09

ಮಗನ್ನ ಕೇಳಿದೆ. "ಎಲೆಗೆ ಜುಟ್ಟು ಇರಲ್ವಲ್ಲ ಅಮ್ಮ" ಅಂತಾನೆ. ನನಗೇ ಚುಚ್ಚಿದ.

ನಿವೃತ್ತ ಮೇಷ್ಟ್ರು, 7.20

ಅತ್ತೆಯವರು ನೋಡಿದ್ದನ್ನ ಹುಡುಗ ಬರೆಯೋ ಹಾಗಿಲ್ಲ, ಅವನು ಕಣ್ಣಾರೆ ನೋಡಿಲ್ಲ. ನಿಯಮ ನಿಯಮಾನೇ.

ದ್ರಾಕ್ಷಿ ತೋಟದ ಸೊಸೆ, 7.26

ಅದಕ್ಕೇ ಸಾರ್, ಅಜ್ಜಿ ಮೊಮ್ಮಗ ಇಬ್ರೂ ನಾಳೆ ಬೆಳಗ್ಗೆ ಮತ್ತೆ ಕಲ್ಯಾಣಿ ಹತ್ರ ಹೋಗ್ತಾರಂತೆ. ಚಿತ್ರಾನ್ನ ಬೇಡವಂತೆ, ಹಿತಕಬೇಳೆ ಉಪ್ಪಿಟ್ಟು ಬೇಕಂತೆ. ಈಗ ಅವರೆಕಾಯಿ ಸುಲಿಯೋಕೆ ಕೂರ್ತಾ ಇದೀನಿ.

ಕ್ಯಾತ್ಸಂದ್ರ ತಟ್ಟೆ, 7.27

ಸೊಗಡಿನ ಅವರೆ ತಾನೇ? ಕೆ.ಜಿ. ಎಷ್ಟು ನಡೀತಿದೆ ನಿಮ್ಮ ಕಡೆ?